ದೆವ್ವದ ಪುಟಗಳನ್ನು ಶುಚಿ ಮಾಡಿದ್ದು

ಹಳೆಯ ಕಾಗದದ ಮೇಲಿನ ಚುಕ್ಕೆ ತೆಗೆಯುವುದರಲ್ಲಿ ನನ್ನನ್ನು ಮೀರಿಸುವವರು ಆಗ ನಿಪ್ಪಾಣಿಯಲ್ಲಿ ಇರಲಿಲ್ಲ. ಜಂಬಕ್ಕೆ ಹೇಳುತ್ತಿಲ್ಲ. ಆ ಕೈಚಳಕವೇ ಮಾಡಬಾರದ್ದನ್ನು ಮಾಡಿತು, ಅದಕ್ಕೆ ಮೊದಲೇ ಹೇಳಿಬಿಡುತ್ತಿದ್ದೇನೆ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಬೀಡಿ ಲೇಬಲ್ ಮುದ್ರಿಸುವ ಒಂದು ಪ್ರೆಸ್ಸಿನ ಕ್ಯಾಮೆರಾ ಕೋಣೆಯಲ್ಲಿ ನಾನು ಕೆಲಸಕ್ಕಿದ್ದೆ. ಚಿತ್ರಗಾರ ಬರೆದ ಲೇಬಲ್ಲನ್ನು ಹಲಗೆಗೆ ಹಚ್ಚಿ, ಎರಡೂ ಕಡೆ ದೀಪ ಉರಿಸಿ, ದೊಡ್ಡ ಫಿಲ್ಮಿನ ಮೇಲೆ ಫೋಟೋ ತೆಗೆಯಬೇಕು. ತೊಳೆದ ಫಿಲ್ಮನ್ನು ಗಾಜಿನ ಮೇಜಿನ ಮೇಲಿಟ್ಟು, ಕೆಳಗಿನಿಂದ ಬೆಳಕು ಬಿಟ್ಟು, ಬೇಡದ ಚುಕ್ಕೆಗಳನ್ನೆಲ್ಲ ಸಣ್ಣ ಕುಂಚದಿಂದ ಮುಚ್ಚಬೇಕು. ಒಂದು ಚುಕ್ಕೆ ಉಳಿದರೂ ಅದು ಪ್ರತಿಯೊಂದು ಲೇಬಲ್ಲಿನ ಮೇಲೂ ಬಂದು ಕೂರುತ್ತದೆ. ಆಮೇಲೆ ಬೈಗುಳ ನಮಗೇ. ಹೀಗಾಗಿ ಚುಕ್ಕೆ ಕಂಡಲ್ಲಿ ಅಳಿಸುವುದು ನನಗೆ ಮೈಗಂಟಿದ ಚಾಳಿಯಾಗಿತ್ತು. ಊಟಕ್ಕೆ ಕೂತರೆ ರೊಟ್ಟಿಯ ಮೇಲಿನ ಕರಿ ಚುಕ್ಕೆಯನ್ನೂ ಉಗುರಿನಿಂದ ಕೆರೆಯುತ್ತಿದ್ದೆ. ಹೆಂಡತಿ ನಗುತ್ತಿದ್ದಳು.

ಅಥಣಿಯಲ್ಲಿ ನನಗೊಬ್ಬ ಗೆಳೆಯನಿದ್ದ. ಲಗ್ನಪತ್ರಿಕೆ, ರಸೀದಿ ಪುಸ್ತಕ ಹೊಡೆಯುವ, ಕಾಲಿನಿಂದ ತುಳಿಯುವ ಸಣ್ಣ ಟ್ರೆಡಲ್ ಪ್ರೆಸ್ಸು ಅವನದು. ನಮ್ಮಿಬ್ಬರಿಗೂ ಒಂದೇ ಹುಚ್ಚು. ನಾವು ಶಾಲೆ ಕಲಿಯುವಾಗ ನಿಪ್ಪಾಣಿಯಿಂದ ದೆವ್ವದ ಚಿತ್ರಕಥೆಗಳ ಒಂದು ಮಾಸಿಕ ಬರುತ್ತಿತ್ತು. ಕನ್ನಡದಲ್ಲೂ ಬರುತ್ತಿತ್ತು, ಮರಾಠಿಯಲ್ಲೂ ಬರುತ್ತಿತ್ತು. ಚಿತ್ರದ ಅಚ್ಚು ಎರಡಕ್ಕೂ ಒಂದೇ. ಪಾತ್ರಗಳ ಬಾಯಿಂದ ಹೊರಡುವ ಮಾತಿನ ಗುಳ್ಳೆ ಇರುತ್ತದಲ್ಲ, ಅಚ್ಚಿನಲ್ಲಿ ಅಷ್ಟು ಜಾಗವನ್ನು ಗರಗಸದಿಂದ ಕೊರೆದು ತೂತು ಮಾಡಿ, ಆ ತೂತಿನಲ್ಲಿ ಒಮ್ಮೆ ಕನ್ನಡದ ಅಚ್ಚುಮೊಳೆ, ಇನ್ನೊಮ್ಮೆ ಮರಾಠಿಯದು ಕೂಡಿಸಿ ಹೊಡೆಯುತ್ತಿದ್ದರು. ಒಂದೇ ದೆವ್ವ ಎರಡು ಭಾಷೆಯಲ್ಲಿ ಹೆದರಿಸುತ್ತಿತ್ತು.

ಎಂಥ ಕಥೆಗಳು ಅವು! ತಂಬಾಕಿನ ಗೋದಾಮಿನಲ್ಲಿ ತಕ್ಕಡಿ ಹಿಡಿದು ಮನುಷ್ಯರನ್ನು ತೂಗುವ ಮುಖವಿಲ್ಲದ ದೆವ್ವ. ಕೃಷ್ಣೆಯ ಮಡುವಿನ ಕೆಳಗೆ ಏಳು ಬಾಗಿಲಿನ ಪಟ್ಟಣ, ಅಲ್ಲಿ ಮೀನಿನ ಮೇಲೆ ಸವಾರಿ ಹೋಗುವ ರಾಣಿ. ಕಬ್ಬಿನ ಗದ್ದೆಯಲ್ಲಿ ತನ್ನ ತಲೆಯನ್ನು ತಾನೇ ಹುಡುಕುವ ಹೆಣ್ಣು. ಗದ್ದೆಯಲ್ಲಿ ಬಿದ್ದ ಆ ತಲೆಯ ಬಿಚ್ಚಿದ ಕೂದಲನ್ನು ಚಿತ್ರಗಾರ ಒಂದೊಂದೇ ಗೆರೆಯಾಗಿ ಬರೆದಿದ್ದ. ಅದನ್ನು ನೋಡಿಯೇ ನಾನು ಈ ಕೆಲಸಕ್ಕೆ ಬಿದ್ದೆ ಎಂದರೂ ತಪ್ಪಲ್ಲ.

ಮಾಸಿಕ ನಿಂತು ಇಪ್ಪತ್ತು ವರ್ಷದ ಮೇಲಾಗಿತ್ತು. ಅದನ್ನು ನೆನೆಯುವುದಕ್ಕೆಂದೇ ಗೆಳೆಯ ಒಂದು ಸಣ್ಣ ಪತ್ರಿಕೆ ತೆಗೆದಿದ್ದ. ಎರಡು ಸಂಚಿಕೆ ಬಂದಿದ್ದವು. ಓದುಗರ ಪತ್ರ, ನೆನಪು, ಯಾವ ಕಥೆಗೆ ಯಾರು ಎಷ್ಟು ಹೆದರಿದ್ದರು ಎಂಬ ಹರಟೆ, ಇಷ್ಟೇ. ಚಿತ್ರ ಒಂದೂ ಇರಲಿಲ್ಲ, ಅವನ ಟ್ರೆಡಲ್ಲಿನಲ್ಲಿ ಅದು ಆಗುವ ಮಾತಲ್ಲ. ಮೂರನೆಯದನ್ನು ಮೂಲ ಚಿತ್ರಗಳನ್ನೇ ಹಾಕಿ ದೊಡ್ಡದಾಗಿ ತರಬೇಕೆಂದು ಇಬ್ಬರೂ ಹಟ ತೊಟ್ಟೆವು.

ಹಳೆಯ ಪ್ರತಿಗಳು ಸಿಕ್ಕಿದ್ದು ಅಥಣಿಯ ಒಬ್ಬ ಜೈನ ಬೆಲ್ಲದ ವ್ಯಾಪಾರಿಯ ಅಟ್ಟದಲ್ಲಿ. ಐದು ಕಥೆಗಳು, ಅರವತ್ತಕ್ಕೂ ಹೆಚ್ಚು ಪುಟ. ಬೆಲ್ಲದ ಪೆಂಟೆಗಳ ನಡುವೆ ಬಿದ್ದು ಕಾಗದ ಹಳದಿಯಾಗಿತ್ತು. ನೊಣ ಕೂತು ಎದ್ದ ಕರಿ ಚುಕ್ಕೆಗಳು ಪುಟ ತುಂಬ ಇದ್ದವು. ವ್ಯಾಪಾರಿ ಮೂಗು ಮುಚ್ಚಿಕೊಂಡು ಕಟ್ಟನ್ನು ಕೆಳಗಿಳಿಸಿ, "ಇವನ್ನ ತಿರುಗಿ ತರಬ್ಯಾಡ್ರೀ ಮತ್ತ" ಅಂದರು. ನಮಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಕ್ಯಾಮೆರಾ ಬೇಕಿತ್ತು. ನಮ್ಮ ಪ್ರೆಸ್ಸಿನ ಮಾಲೀಕರ ತಂದೆಯೇ ಆ ಮಾಸಿಕವನ್ನು ನಡೆಸಿದವರು. ಪ್ರತಿ ಸಂಚಿಕೆಯ ಮೊದಲ ಪುಟದಲ್ಲಿ 'ಕಥೆ, ಚಿತ್ರ, ಪ್ರಕಾಶನ' ಎಂದು ಅವರೊಬ್ಬರದೇ ಹೆಸರು ಇರುತ್ತಿತ್ತು. ಹೆದರುತ್ತಲೇ ಮಾಲೀಕರ ಮುಂದೆ ಹೋಗಿ ನಿಂತೆ. ಅವರು ಕಟ್ಟು ಬಿಚ್ಚಿ ತಂದೆಯ ಹೆಸರನ್ನು ನೋಡಿದ ಕೂಡಲೇ ಕಣ್ಣು ತುಂಬಿಕೊಂಡರು.

"ನಮ್ಮ ಅಪ್ಪಾರು ಇಷ್ಟ ಛಲೋ ಚಿತ್ರ ತಗೀತಿದ್ರು ಅನ್ನೂದ ನಮ್ಮ ಮಕ್ಕಳಿಗೇ ಗೊತ್ತಿಲ್ಲ. ತಗೀರಿ, ಕ್ಯಾಮೆರಾ ನಿಮ್ದ ಅನ್ಕೋರಿ. ಛಾಪಖಾನೀನೂ ನಮ್ದ, ಇಲ್ಲೇ ಹೊಡಸ್ರಿ. ಆದ್ರ ಮಧ್ಯಾಹ್ನ ಊಟದ ಟೈಮಿಗೆ ಅಷ್ಟ. ಲೇಬಲ್ ಕೆಲಸ ನಿಂದ್ರಬಾರ್ದು."

ಊಟದ ಹೊತ್ತು ಒಂದು ತಾಸು. ಅಷ್ಟರಲ್ಲಿ ಮೂರು ಫಿಲ್ಮು ತೆಗೆಯಬಹುದಿತ್ತು, ಅವನ್ನು ತಿದ್ದಲು ಗಾಜಿನ ಮೇಜು ಮಾತ್ರ ಸಿಗುತ್ತಿರಲಿಲ್ಲ. ಮೊದಲ ಪುಟಕ್ಕೇ ಸೋತೆ. ಹಳದಿ ಕಾಗದ ನಮ್ಮ ಫಿಲ್ಮಿಗೆ ಕಪ್ಪಾಗಿಯೇ ಕಾಣುತ್ತದೆ. ಬೆಳಕು ಹೆಚ್ಚು ಕೊಟ್ಟರೆ ಹಳದಿ ಹೋಗುತ್ತದೆ, ಅದರ ಸಂಗಡ ಆ ಹೆಣ್ಣಿನ ಕೂದಲೂ ಹೋಗುತ್ತದೆ. ಕಡಿಮೆ ಕೊಟ್ಟರೆ ಕೂದಲು ನಿಲ್ಲುತ್ತದೆ, ನೊಣದ ಚುಕ್ಕೆಗಳೆಲ್ಲ ಎದ್ದು ಕುಣಿಯುತ್ತವೆ. ಮಸೂರದ ಮುಂದೆ ಹಳದಿ ಗಾಜು ಹಿಡಿದು ನೋಡಿದೆ, ಬೆಳಕು ಬಿಡುವ ಹೊತ್ತನ್ನು ಒಂದೊಂದೇ ಸೆಕೆಂಡು ಬದಲಿಸಿ ನೋಡಿದೆ. ಹತ್ತು ದಿನ ಹಾಳಾದವು. ಕೊನೆಗೆ ಒಂದು ತೀರ್ಮಾನಕ್ಕೆ ಬಂದೆ. ಫಿಲ್ಮು ತಿದ್ದುವ ಗೊಡವೆಯೇ ಬೇಡ, ಮೂಲ ಪುಟಗಳನ್ನೇ ಮನೆಗೆ ಒಯ್ದು ಶುಚಿ ಮಾಡಿಬಿಡೋಣ, ಆಮೇಲೆ ಒಂದೇ ಏಟಿಗೆ ಫೋಟೋ ತೆಗೆಯೋಣ ಎಂದು.

ಅದಕ್ಕೆ ಐದು ಭಾನುವಾರ ಬೇಕಾದವು, ಜೊತೆಗೆ ದಿನಾ ಬೆಳಗಿನ ಎರಡು ತಾಸು. ಮೊದಲು ಪುಟವನ್ನು ನೀರಿನಲ್ಲಿ ತೇಲಿಬಿಟ್ಟು, ಒಣಗಿಸಿ, ಇಸ್ತ್ರಿ ಮಾಡುತ್ತಿದ್ದೆ. ಆಮೇಲೆ ಕನ್ನಡಿಯಂಥ ಬಿಸಿಲಿಗೆ ಅಂಗಳದಲ್ಲಿ ಕೂತು, ಹೊಸ ಬ್ಲೇಡನ್ನು ಅರ್ಧ ಮುರಿದು, ಅದರ ಮೂಲೆಯಿಂದ ಒಂದೊಂದೇ ಚುಕ್ಕೆ ಕೆರೆಯುತ್ತಿದ್ದೆ. ಕಾಗದ ಹರಿಯಬಾರದು, ಗೆರೆಗೆ ತಾಗಬಾರದು. ಕೆರೆದ ಜಾಗಕ್ಕೆ ಬಿಳಿ ಬಣ್ಣದ ಒಂದು ಹನಿ. ಕೂದಲಿನ ಗೆರೆ, ರೆಪ್ಪೆಯ ಗೆರೆ, ತಕ್ಕಡಿಯ ಸರಪಳಿಯ ಕೊಂಡಿ, ಯಾವುದನ್ನೂ ನಾನು ಕಳೆಯಲಿಲ್ಲ. ಮುಗಿದ ಪುಟಗಳನ್ನು ಗೆಳೆಯ ನೋಡಿ, "ಹೊಸದ ಬರದ್ಹಂಗ ಕಾಣಾಕತ್ತೈತಲ್ಲೋ!" ಅಂದ. ನಾನು ಆ ವಾರವೆಲ್ಲ ನೆಲದ ಮೇಲೆ ನಡೆಯಲಿಲ್ಲ.

ಅಷ್ಟರಲ್ಲಿ ಗೆಳೆಯನಿಗೆ ಒಂದು ಪತ್ರ ಬಂತು. ಕಾಗವಾಡದ ಒಬ್ಬ ಓದುಗರು ಬರೆದಿದ್ದರು. ಆ ಚಿತ್ರಗಳನ್ನು ಬರೆದವರು ಪ್ರಕಾಶಕರಲ್ಲ, ಲೇಬಲ್ ಬರೆಯುತ್ತಿದ್ದ ಒಬ್ಬ ಸಾಹೇಬರು, ಈಗ ಕುಡಚಿಯಲ್ಲಿ ಮಗಳ ಮನೆಯಲ್ಲಿದ್ದಾರೆ ಎಂದು. ಗೆಳೆಯನಿಗೆ ನಂಬಿಕೆ ಬರಲಿಲ್ಲ, ಬಿಡಲೂ ಮನಸ್ಸಾಗಲಿಲ್ಲ. ಒಂದು ರಜೆಯ ದಿನ ನಾನು ನಿಪ್ಪಾಣಿಯಿಂದ, ಅವನು ಅಥಣಿಯಿಂದ ಬಸ್ಸು ಹಿಡಿದು ಕುಡಚಿಯಲ್ಲಿ ಕೂಡಿದೆವು. ಶುಚಿ ಮಾಡಿದ ಪುಟಗಳ ಫಿಲ್ಮಿನಿಂದ ತೆಗೆದ ಪರೀಕ್ಷಾ ಪ್ರತಿಗಳನ್ನು ನಾನು ಒಂದು ರಟ್ಟಿನ ಚೀಲದಲ್ಲಿ ಒಯ್ದಿದ್ದೆ.

ಓಣಿಯವರೆಲ್ಲ ಚಾಚಾ ಎನ್ನುತ್ತಿದ್ದ ಆ ಸಾಹೇಬರು ಹೊರಗಿನ ಕಟ್ಟೆಯ ಮೇಲೆ ಕೂತಿದ್ದರು. ಎಪ್ಪತ್ತು ದಾಟಿದ ತೆಳ್ಳಗಿನ ಮನುಷ್ಯ. ಎರಡೂ ಕಣ್ಣಿಗೆ ಪೊರೆ ಬಂದು ಪಾಪೆ ಬೆಳ್ಳಗಾಗಿತ್ತು. ಮಗಳು ಚಹಾ ತಂದಿಟ್ಟು ಅಲ್ಲೇ ಬಾಗಿಲಿಗೆ ಒರಗಿ ನಿಂತರು. ನಾವು ಬಂದ ಕಾರಣ ಹೇಳಿದಾಗ ಚಾಚಾ ನಮ್ಮ ದನಿಯ ಕಡೆ ಮುಖ ತಿರುಗಿಸಿದರು. ಆಮೇಲೆ ಕೈ ಚಾಚಿದರು. ಪ್ರತಿಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, "ಕಪ್ಪ ಐತಿ, ಬಿಳಿ ಐತಿ, ಅಷ್ಟ ಕಾಣತೈತಿ ತಮ್ಮಾ. ಯಾವ ಕಥಿ ಇದು?" ಎಂದು ಕೇಳಿದರು.

"ತಕ್ಕಡಿ ದೆವ್ವದ್ದರಿ ಚಾಚಾ. ಎರಡನೇ ಪುಟ" ಎಂದೆ.

"ಎರಡನೇ ಪುಟ..." ಅವರು ಪ್ರತಿಯನ್ನು ತೊಡೆಯ ಮೇಲಿಟ್ಟು ಗಾಳಿಯಲ್ಲಿ ಬೆರಳಾಡಿಸಿದರು. "ಮ್ಯಾಲ ಎಡಕ್ಕ ಗೋದಾಮಿನ ಬಾಗಲಾ, ಅರ್ಧ ತೆರದೈತಿ. ಅದರ ಬಾಜೂಕ ಹಮಾಲ ನಿಂತಾನ, ಅವನ ನೆರಳಿಗೆ ಕೈ ಇಲ್ಲ. ಕೆಳಗ ತಕ್ಕಡಿ. ಬಲಗಡಿ ಪರಡಿ ಮ್ಯಾಲ ಏನೂ ಇಲ್ಲ, ಆದ್ರೂ ಅದ ಕೆಳಗ ಜಗ್ಗೈತಿ. ಬರೋಬರಿ ಐತೋ ಇಲ್ಲೋ?"

ನಾನು ಪ್ರತಿ ಇಸಿದುಕೊಂಡು ನೋಡಿದೆ. ನೆರಳಿಗೆ ಕೈ ಇರಲಿಲ್ಲ. ಐದು ಭಾನುವಾರ ಕಣ್ಣಲ್ಲಿ ಕಣ್ಣಿಟ್ಟು ನೋಡಿದ ನನಗೇ ಅದು ಕಂಡಿರಲಿಲ್ಲ. ಬರೆದವರು ಇವರೇ, ಅದರಲ್ಲಿ ಎರಡು ಮಾತಿಲ್ಲ.

ಗೆಳೆಯ ಅವರ ಕಾಲಿಗೆ ನಮಸ್ಕಾರ ಮಾಡಿಬಿಟ್ಟ. "ನಿಮ್ಮ ಹೆಸರ ಯಾಕ ಹಾಕ್ಲಿಲ್ರಿ ಅವ್ರು?" ಎಂದು ಕೇಳಿದ.

"ಪಗಾರ ಕೊಟ್ಟೇನಿ, ಹೆಸರ ಯಾಕ ಅಂದ್ರು. ನಾನೂ ಸುಮ್ಮನಾದೆ. ಮಕ್ಕಳು ಸಣ್ಣವು" ಅಂದರು ಚಾಚಾ. ಆಮೇಲೆ ಸಣ್ಣಗೆ ನಕ್ಕರು. "ಸುಮ್ಮನಾಗೂದಂದ್ರ ಪೂರ್ತಿ ಸುಮ್ಮನಾಗಿಲ್ಲ. ಲೇಬಲ್ ಬರಿಯೂ ಮಂದಿ ಕಳ್ಳ ಗುರುತು ಇಡೂದು ನಿಮಗ ಗೊತ್ತಿರಬೇಕಲ್ಲ? ನಾನೂ ಇಟ್ಟೇನಿ. ಪುಟಕ್ಕ ಒಂದು ಇರುವಿ. ಮೂರ ಚುಕ್ಕಿ, ನಡುವಿಂದು ಸಣ್ಣದು. ಗೋಡಿ ಮ್ಯಾಲ, ಗಿಡದ ಮ್ಯಾಲ, ದೆವ್ವದ ಹೆಗಲ ಮ್ಯಾಲ, ಎಲ್ಲೆರೆ ಒಂದ ಕಡೆ ಇದ್ದ ಇರ್ತೈತಿ. ಮಾಲಕ್ಗ ಕಡೀತನಕ ಕಾಣ್ಲಿಲ್ಲ. ಯಾರಾರ ಇದು ನಿಂದಲ್ಲ ಅಂದ್ರ ಇರುವಿ ತೋರಸ್ರಿ. ಅದ ನನ್ನ ಸಹಿ."

ಕಳ್ಳ ಗುರುತು ನನಗೆ ಗೊತ್ತಿಲ್ಲದ್ದೇನಲ್ಲ. ಬೀಡಿ ಲೇಬಲ್ಲಿಗೆ ನಕಲಿ ಹೊಡೆಯುವವರ ಕಾಟ ಬಹಳ. ಅದಕ್ಕೆ ಚಿತ್ರಗಾರರು ಎಲ್ಲೋ ಒಂದು ಸಣ್ಣ ತಪ್ಪು ಮಾಡಿ ಇಡುತ್ತಾರೆ, ನವಿಲಿನ ಗರಿಯಲ್ಲಿ ಒಂದು ಕಣ್ಣು ಕಡಿಮೆ, ಹೂವಿಗೆ ಒಂದು ಎಸಳು ಹೆಚ್ಚು. ನಕಲಿ ಮಾಡುವವನು ಅದನ್ನು ಸರಿಪಡಿಸಿಬಿಡುತ್ತಾನೆ, ಸಿಕ್ಕಿಬೀಳುತ್ತಾನೆ. ಲೇಬಲ್ ತಿದ್ದುವ ಮೊದಲು ಗುರುತು ಎಲ್ಲಿದೆ ಎಂದು ಕೇಳಿಕೊಂಡೇ ನಾನು ಕುಂಚ ಹಿಡಿಯುತ್ತಿದ್ದೆ. ದೆವ್ವದ ಕಥೆಗೆ ಆ ಬುದ್ಧಿ ಓಡಲಿಲ್ಲ. ಬೆಲ್ಲದ ಅಂಗಡಿಯಿಂದ ಬಂದ ಕಾಗದ, ಚುಕ್ಕೆಯೆಲ್ಲ ನೊಣದ್ದೇ ಎಂದುಕೊಂಡೆ. ಗೋಡೆಯ ಮೇಲೆ, ಹೆಗಲ ಮೇಲೆ ಮೂರು ಮೂರು ಚುಕ್ಕೆ ಸಾಲಾಗಿ ಇದ್ದದ್ದು ಆಗ ಕಣ್ಣ ಮುಂದೆ ಬರತೊಡಗಿತು. ಒಂದೊಂದನ್ನೂ ಕೆರೆದದ್ದು ಬೆರಳಿಗೆ ನೆನಪಿತ್ತು.

ಮಗಳು ಪ್ರತಿಯ ಮೇಲೆ ಬಗ್ಗಿದರು. "ಎಲ್ಲೈತ್ರಿ ಇರುವಿ? ನಾನೂ ನೋಡ್ತೇನಿ."

ನಾನು ಗಡಬಡಿಸಿ ಪ್ರತಿಗಳನ್ನು ಚೀಲಕ್ಕೆ ತುಂಬಿದೆ. "ಇದು ಪರೀಕ್ಷಾ ಪ್ರತಿ ನೋಡ್ರಿ, ಸರಿ ಮೂಡಿಲ್ಲ. ಮೂಲದಾಗ ಐತಿ" ಎಂದೆ. ಅದು ನಾನು ಹೇಳಿದ ಮೊದಲ ಸುಳ್ಳು.

ಅಲ್ಲಿಂದ ಎದ್ದು ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತೆವು. ಗೆಳೆಯ ಕುಣಿಯುವುದೊಂದು ಬಾಕಿ. "ಪುರಾವೆ ಸಿಕ್ಕಂಗಾತಲೇ! ನಿಮ್ಮ ಮಾಲಕನ ಮುಂದ ಇರುವಿ ಹಿಡದ ತೋರಿಸಿ, ಚಾಚಾನ ಹೆಸರ ದೊಡ್ಡ ಅಕ್ಷರದಾಗ ಹಾಕೂಣು."

ಆಗ ಹೇಳಿದೆ. ಅವನು ಮೊದಲು ನಕ್ಕ, ಚೇಷ್ಟೆ ಎಂದುಕೊಂಡ. ನನ್ನ ಮುಖ ನೋಡಿ ನಗು ನಿಲ್ಲಿಸಿದ.

"ಒಂದೂ ಉಳಿದಿಲ್ಲೇನು?"

"ಚುಕ್ಕಿ ಉಳಸೂ ಪೈಕಿ ಅಲ್ಲ ನಾ."

"ಗಣಪತಿ ಮಾಡು ಅಂದ್ರ ಅವರಪ್ಪನ್ನ ಮಾಡಿದ್ಯಲ್ಲೋ ಮಗನ!" ಎಂದು ಕೂಗಿದ. ಅಲ್ಲಿದ್ದ ಜನ ತಿರುಗಿ ನೋಡಿದರು. "ಆ ಮುದುಕನ ಕೈಯಾಗ ಇದ್ದದ್ದ ಅದೊಂದು. ಅದನ್ನೂ ಕೆರದಿ. ಹೋಗಿ ಹೇಳಿ ಬಾ ಅವರಿಗೆ."

ನಾನು ಹೋಗಲಿಲ್ಲ. ಬೇರೆ ಪ್ರತಿ ಸಿಕ್ಕೀತು, ಸಿಕ್ಕ ಮೇಲೆ ಹೇಳಿದರಾಯಿತು ಎಂದೆ. ಇವತ್ತಿಗೂ ಆ ಬೆಂಚು ನೆನಪಾದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಮುಂದಿನ ಎರಡು ತಿಂಗಳು ಸಿಕ್ಕ ರಜೆಯನ್ನೆಲ್ಲ ಹುಡುಕಾಟಕ್ಕೆ ಸುರಿದೆ. ಚಿಕ್ಕೋಡಿಯ ಹಳೆ ಪುಸ್ತಕದ ಗಾಡಿ, ರಾಯಬಾಗದ ವಾಚನಾಲಯದ ಕಪಾಟು, ಕಾಗವಾಡದ ಆ ಓದುಗರ ಮನೆ. ಅವರ ಹತ್ತಿರ ನೆನಪಿತ್ತು, ಪುಸ್ತಕ ಇರಲಿಲ್ಲ. ಮರಾಠಿಯದು ಸಿಕ್ಕರೂ ನಡೆಯುತ್ತಿತ್ತು, ಇರುವೆಗೆ ಭಾಷೆ ಇಲ್ಲವಲ್ಲ. ಕೊಕಟನೂರಿನಲ್ಲಿ ಒಬ್ಬರು ಟ್ರಂಕಿನ ಮುಚ್ಚಳದ ಒಳಗೆ ಮೀನಿನ ರಾಣಿಯ ಚಿತ್ರ ಅಂಟಿಸಿದ್ದಾರೆಂದು ಕೇಳಿ ಓಡಿದೆ. ಚಿತ್ರವೇನೋ ಇತ್ತು. ಟ್ರಂಕಿಗೆ ಸರಿಹೊಂದಲಿ ಎಂದು ನಾಲ್ಕೂ ಕಡೆ ಕತ್ತರಿಸಿ, ರಾಣಿಯ ಮುಖವನ್ನಷ್ಟೇ ಉಳಿಸಿಕೊಂಡಿದ್ದರು. ಮನೆಗೆ ಬಂದು ನಾನು ಕೆರೆದ ಪುಟಗಳನ್ನೇ ಭೂತಗನ್ನಡಿ ಹಿಡಿದು ಮತ್ತೆ ಮೊದಲಿನಿಂದ ನೋಡಿದೆ. ನಾಲ್ಕನೆಯ ಕಥೆಯ ಒಂದು ಪುಟದಲ್ಲಿ, ಆಲದ ಬೇರಿನ ಹತ್ತಿರ, ಎರಡು ಚುಕ್ಕೆ ಉಳಿದಿದ್ದವು. ಮೂರನೆಯದು ಹೋಗಿತ್ತು.

ಅದನ್ನೇ ಹಿಡಿದುಕೊಂಡು ಮಾಲೀಕರ ಹತ್ತಿರ ಹೋದೆ. ಚಾಚಾನ ವಿಷಯವೆಲ್ಲ ಹೇಳಿದೆ, ನೆರಳಿಗೆ ಕೈ ಇಲ್ಲದ್ದನ್ನೂ ಹೇಳಿದೆ. ಅವರು ಕೆಟ್ಟವರಲ್ಲ. ಸಮಾಧಾನದಿಂದ ಕೇಳಿದರು, ಭೂತಗನ್ನಡಿಯಲ್ಲಿ ನೋಡಿದರು.

"ಚಿತ್ರ ನೋಡಿದಾವ್ರು ಯಾರಾದ್ರೂ ಹಂಗ ಹೇಳಬಹುದು. ಅವ್ರು ನಮ್ಮಲ್ಲಿ ಕೆಲಸಕ್ಕ ಇದ್ದಿದ್ದು ಖರೇ, ನೋಡೇ ಇರ್ತಾರ. ನೀವ ಹೇಳ್ರಿ, ಎರಡ ಚುಕ್ಕಿ ನೋಡಿ ನಾ ನಮ್ಮಪ್ಪನ ಹೆಸರ ಅಳಸ್ಲೇನು?"

ಉಳಿದ ಇರುವೆಗಳನ್ನು ನಾನೇ ಕೆರೆದೆ ಎಂದೂ ಹೇಳಿದೆ. ಅದಕ್ಕೆ ಅವರು, "ನೀವು ಚುಕ್ಕಿ ಕೆರದೀರಿ. ಅವು ಇರುವಿ ಅಂತ ಈಗ ಅನ್ನಾಕತ್ತೀರಿ" ಅಂದರು.

ಪುಸ್ತಕ ಮುದ್ರಣಕ್ಕೆ ಹೋಗಬೇಕಾದ ವಾರ ಬಂತು. ಗೆಳೆಯ ಒಂದೇ ಮಾತು ಹಿಡಿದಿದ್ದ, ಚಾಚಾನ ಹೆಸರು ಹಾಕು, ಇಲ್ಲವೇ ಪುಸ್ತಕವೇ ಬೇಡ. ಹೆಸರು ಹಾಕಿದರೆ ಮಾಲೀಕರು ಫಿಲ್ಮು ಕೊಡುವುದಿಲ್ಲ, ಯಂತ್ರ ಕೊಡುವುದಿಲ್ಲ, ನನ್ನ ಕೆಲಸವೂ ಉಳಿಯುವುದಿಲ್ಲ. ಮಾಲೀಕರ ತಂದೆಯ ಹೆಸರು ಹಾಕುವುದು ನನ್ನಿಂದ ಆಗದ ಮಾತು. ನಾನೇ ಒಂದು ದಾರಿ ತೆಗೆದೆ. ಯಾರ ಹೆಸರೂ ಬೇಡ, ಚಿತ್ರಗಾರರ ಹೆಸರಿನ ಜಾಗ ಖಾಲಿ ಇರಲಿ, ಮುಂದೆ ಪುರಾವೆ ಸಿಕ್ಕ ದಿನ ತುಂಬೋಣ. ಗೆಳೆಯ ಒಪ್ಪಲಿಲ್ಲ, ಜಗಳವನ್ನೂ ಆಡಲಿಲ್ಲ. "ನಿನ್ನ ಇಷ್ಟ" ಅಂದ. ಮೊದಲ ಪುಟವನ್ನು ನಾನೇ ಜೋಡಿಸಿದೆ. ಮೇಲೆ ಪತ್ರಿಕೆಯ ಹೆಸರು, ಕೆಳಗೆ ಅಥಣಿಯ ವಿಳಾಸ, ನಡುವೆ ನಾಲ್ಕು ಬೆರಳು ಬಿಳಿ ಜಾಗ. ಅದು ನ್ಯಾಯ ಎಂದು ನಾನು ನಿಜವಾಗಿಯೂ ನಂಬಿದ್ದೆ.

ಮುದ್ರಣದ ದಿನ ಲೇಬಲ್ ಕೆಲಸಕ್ಕೆಂದು ನನ್ನನ್ನು ಕ್ಯಾಮೆರಾ ಕೋಣೆಯಲ್ಲೇ ಇರಿಸಿದ್ದರು. ನಾಲ್ಕನೇ ದಿನ ಹೊಲಿದ ಪುಸ್ತಕದ ಕಟ್ಟುಗಳು ಅಥಣಿಗೆ ಹೋದವು. ಅದರ ಮರುದಿನ ಗೆಳೆಯ ಒಂದು ಪ್ರತಿ ಹಿಡಿದುಕೊಂಡು ನಿಪ್ಪಾಣಿಗೆ ಬಂದ. ಉಭ ಶುಭ ಎನ್ನದೆ ಮೊದಲ ಪುಟ ತೆರೆದು ನನ್ನ ಮುಂದೆ ಹಿಡಿದ. ನಾನು ಬಿಟ್ಟಿದ್ದ ಬಿಳಿ ಜಾಗದಲ್ಲಿ ಮಾಲೀಕರ ತಂದೆಯ ಫೋಟೋ ಕೂತಿತ್ತು. ಅದರ ಕೆಳಗೆ 'ಈ ಅಮರ ಚಿತ್ರಗಳ ಕರ್ತೃ' ಎಂದು ಅವರ ಹೆಸರು.

ಮಾಲೀಕರನ್ನು ಕೇಳಿದೆ. "ಜಾಗ ಖಾಲಿ ಇತ್ತಲ್ರಿ, ಛಂದ ಕಾಣ್ತಿರಲಿಲ್ಲ" ಅಂದರು. ಅವರ ದನಿಯಲ್ಲಿ ಮೋಸವಿರಲಿಲ್ಲ. ತಂದೆಗೆ ಮಗ ಮಾಡಬೇಕಾದ್ದನ್ನು ಮಾಡಿದ ತೃಪ್ತಿಯಿತ್ತು. ಯಂತ್ರ ಯಾರದೋ, ಖಾಲಿ ಜಾಗವೂ ಅವರದೇ ಆಗುತ್ತದೆ ಎಂಬಷ್ಟು ಬುದ್ಧಿ ಇಷ್ಟು ವರ್ಷ ಪ್ರೆಸ್ಸಿನಲ್ಲಿದ್ದರೂ ನನಗೆ ಬಂದಿರಲಿಲ್ಲ.

ಗೆಳೆಯ ಚಂದಾದಾರರಿಗೆ ಪುಸ್ತಕ ಕಳಿಸಿದ, ಮಾತು ಕೊಟ್ಟಾಗಿತ್ತು. ಪತ್ರಗಳೂ ಬಂದವು. ಮುದ್ರಣ ಎಷ್ಟು ಶುಚಿ, ಒಂದು ಕಲೆಯಿಲ್ಲ ಎಂದು ಎಲ್ಲರೂ ಹೊಗಳಿದ್ದರು. ಆ ಪತ್ರಗಳನ್ನೆಲ್ಲ ಒಂದು ಲಕೋಟೆಗೆ ತುಂಬಿ ನನಗೆ ಕಳಿಸಿದ, ತನ್ನದೊಂದು ಅಕ್ಷರ ಬರೆಯಲಿಲ್ಲ. ನಾಲ್ಕನೆಯ ಸಂಚಿಕೆಯನ್ನು ಅವನು ತರಲೇ ಇಲ್ಲ.

ಕುಡಚಿಗೆ ಪುಸ್ತಕ ಒಯ್ಯಬೇಕಿತ್ತು. ಕಾಯುತ್ತಿದ್ದಾರೆಂದು ಗೊತ್ತಿತ್ತು. ಒಬ್ಬನೇ ಹೋದೆ. ಹೋಗುವಾಗ ಎಲ್ಲವನ್ನೂ ಹೇಳಿಬಿಡಬೇಕೆಂದೇ ಹೋದೆ. ಕಟ್ಟೆಯ ಮೇಲೆ ಕೂತಿದ್ದ ಚಾಚಾ ಪುಸ್ತಕವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಮೂಸಿ ನೋಡಿದರು. ಶಾಯಿಯ ವಾಸನೆಗೆ ಅವರ ಮುಖ ಅರಳಿತು.

"ನನ್ನ ಹೆಸರ ಎಲ್ಲೈತಿ ತಮ್ಮಾ? ಬೆರಳ ಇಡಿಸು."

ನಾನು ಅವರ ಬೆರಳು ಹಿಡಿಯಲಿಲ್ಲ. ಚಾಚಾ ಪುಸ್ತಕವನ್ನು ಮಗಳ ಕಡೆ ಚಾಚಿ, "ನೀ ಓದವಾ" ಅಂದರು. ಮಗಳು ಮೊದಲ ಪುಟ ತೆರೆದರು. ಫೋಟೋ ನೋಡಿದರು, ಹೆಸರು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಆ ನೋಟವನ್ನು ಹೇಗೆ ಬರೆಯಲಿ?

"ಇಲ್ಲೈತ್ರಿ ಅಬ್ಬಾ" ಎಂದು ಅವರ ತೋರುಬೆರಳನ್ನು ಹಿಡಿದು ಆ ಹೆಸರಿನ ಮೇಲೆ ಇಟ್ಟರು. 'ಈ ಅಮರ ಚಿತ್ರಗಳ ಕರ್ತೃ' ಎಂದು ಗಟ್ಟಿಯಾಗಿ ಓದಿ, ಅದರ ಮುಂದೆ ತಮ್ಮ ತಂದೆಯ ಹೆಸರನ್ನು ಪೂರ್ತಿಯಾಗಿ ಹೇಳಿದರು. ಚಾಚಾ ಬೆರಳನ್ನು ಎರಡು ಸಲ ಆ ಸಾಲಿನ ಮೇಲೆ ಆಡಿಸಿ, ಸಕ್ಕರೆ ತಾ ಎಂದರು. ನಾನು ಆ ಸಕ್ಕರೆ ತಿಂದೆ.

ಹೊರಡುವಾಗ ಮಗಳು ಓಣಿಯ ತಿರುವಿನ ತನಕ ಬಂದರು.

"ಬರೂ ವಾರ ಮಿರಜದಾಗ ಅಬ್ಬಾನ ಕಣ್ಣಿನ ಆಪರೇಶನ್ ಐತ್ರಿ. ಪಟ್ಟಿ ಬಿಚ್ಚಿದ ಮ್ಯಾಲ ಮೊದಲ ಇದನ್ನ ಕೇಳ್ತಾರ. ಅಷ್ಟ್ರಾಗ ಇನ್ನೊಂದು ಮಾಡ್ಕೊಂಡ ಬರ್ರಿ. ನಾ ಸುಳ್ಳ ಹೇಳಿದಾಕಿ ಆಗಬಾರ್ದು."

ಅಥಣಿಗೆ ಹೋದೆ. ಗೆಳೆಯ ಟ್ರೆಡಲ್ ಬಿಟ್ಟುಕೊಟ್ಟು ಹೊರಗೆ ಹೋದ. ಅದೇ ಅಳತೆಯ ಕಾಗದ ಕತ್ತರಿಸಿ, ಚಾಚಾನ ಹೆಸರನ್ನು ಅವನಲ್ಲಿದ್ದ ದೊಡ್ಡ ಅಚ್ಚುಮೊಳೆಯಲ್ಲಿ ಜೋಡಿಸಿ, ಒಂದೇ ಒಂದು ಹಾಳೆ ಹೊಡೆದೆ. ಒಂದು ಪುಸ್ತಕದ ದಾರ ಬಿಚ್ಚಿ, ಮೊದಲ ಹಾಳೆ ತೆಗೆದು ಇದನ್ನು ಸೇರಿಸಿ, ಹಳೆಯ ತೂತಿನಲ್ಲೇ ಮತ್ತೆ ಹೊಲಿದೆ. ಚಾಚಾನ ಹೆಸರಿದ್ದ ಪ್ರತಿ ಅದೊಂದೇ. ಪಟ್ಟಿ ಬಿಚ್ಚುವ ಮೊದಲೇ ಅದನ್ನು ಮಗಳ ಕೈಗೆ ಕೊಟ್ಟು, ಮೊದಲಿನದನ್ನು ತಿರುಗಿ ತಂದೆ. ಮುದುಕನಿಗೆ ಅಷ್ಟಾದರೂ ಸಲ್ಲಲಿ, ಲೋಕದ ತುಂಬ ಹೀಗೇ ಇದೆ ಎಂದು ನಂಬಿ ಕಣ್ಣು ಮುಚ್ಚಲಿ ಎಂದುಕೊಂಡೆ.

ಆಪರೇಶನ್ ಚೆನ್ನಾಗಿ ಆಯಿತು. ಒಂದು ತಿಂಗಳ ಮೇಲೆ ಮಗಳು ಕಾರ್ಡು ಬರೆದರು, ಹೋದೆ. ಚಾಚಾ ದಪ್ಪ ಕನ್ನಡಕ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದರು. ಪುಸ್ತಕ ತೊಡೆಯ ಮೇಲಿತ್ತು. ನನ್ನ ಮುಖವನ್ನು ಅವರು ಆಗಲೇ ಮೊದಲು ನೋಡಿದ್ದು.

"ಬಾ, ಕೂಡು. ನಾಕ ದಿವಸಾತು ಇದನ್ನ ನೋಡಾಕತ್ತೇನಿ." ಒಂದೊಂದೇ ಪುಟ ತಿರುವಿದರು. "ಭಾಳ ಛಲೋ ಕೈ ಐತಿ. ಕೂದಲಿನ ಗೆರಿ ಸೈತ ಬಿಟ್ಟಿಲ್ಲ. ಸರಪಳಿ ಕೊಂಡಿ ಎಣಿಸಬಹುದು. ಆದ್ರ ಇದು ನಂದಲ್ಲ."

"ಹಂಗ್ಯಾಕ ಅಂತೀರಿ ಚಾಚಾ?" ಎಂದೆ.

"ಕೂದಲಾ ಮೂ‍ಡೈತಿ, ಇರುವಿ ಮೂಡಿಲ್ಲಂದ್ರ ಏನ ಅರ್ಥ? ಯಾರೋ ನಂದು ನೋಡಿ ನಕಲ ಮಾಡ್ಯಾರ. ನಕಲ ಮಾಡಾವ್ರಿಗೆ ಇರುವಿ ಕಾಣೂದಿಲ್ಲ, ಕಸಾ ಅಂತ ಬಿಡ್ತಾರ. ಅದಕ್ಕ ಅಲ್ಲೇನು ನಾ ಇಟ್ಟದ್ದು?" ಮೊದಲ ಪುಟ ತೆರೆದು ತಮ್ಮ ಹೆಸರಿನ ಮೇಲೆ ಬೆರಳಿಟ್ಟರು. "ಮಂದಿ ಕೆಲಸದ ಮ್ಯಾಲ ನನ್ನ ಹೆಸರ ಬ್ಯಾಡ. ನನ್ನ ಹೆಸರ ಇಲ್ಲದ ಇಷ್ಟ ವರ್ಷ ಇದ್ದೆ, ಮಂದೀದು ಕದ್ದ ಇರಲಿಲ್ಲ. ಇದನ್ನ ತಗದ ಬಿಡು. ಎಲ್ಲಾ ಪುಸ್ತಕದಾಗಿಂದೂ ತಗೀರಿ."

ಮಗಳು ಬಾಗಿಲಲ್ಲಿದ್ದರು. ನಾನು ಹೇಳಬಹುದಿತ್ತು. ಹೇಳಿದರೆ, ಅವರ ಇರುವೆಗಳು ಇನ್ನು ಈ ಭೂಮಿಯ ಮೇಲೆ ಎಲ್ಲೂ ಇಲ್ಲ ಎಂದು ಹೇಳಬೇಕಿತ್ತು. ಬಾಯಿ ಬಿಟ್ಟರೆ ಬಣ್ಣಗೇಡು. ನಾನು ಆ ಹಾಳೆಯನ್ನು ಅವರ ಎದುರಿಗೇ ಮೆಲ್ಲಗೆ ಬಿಡಿಸಿಕೊಂಡು, ಮಡಚಿ, ಕಿಸೆಯಲ್ಲಿ ಇಟ್ಟುಕೊಂಡೆ.

"ನನ್ನವು ಎಲ್ಲೋ ಇದ್ದ ಇರ್ತಾವು" ಅಂದರು ಚಾಚಾ. "ನೀ ಹುಡುಕಾವ ಮನಶಾ ಇದ್ದೀ. ಇರುವಿ ಇದ್ದದ್ದ ಸಿಕ್ಕ ಮ್ಯಾಲ ಹೆಸರ ಹಾಕು."

"ಹುಡುಕ್ತೇನ್ರಿ" ಎಂದೆ.

ಆಮೇಲೆ ಆರು ವರ್ಷ ಬದುಕಿದ್ದರು. ಕುಡಚಿಯ ಕಡೆ ಹೋದಾಗಲೆಲ್ಲ ಹೋಗಿ ಮಾತಾಡಿಸಿ ಬರುತ್ತಿದ್ದೆ. ಪ್ರತಿ ಸಲ ನನ್ನನ್ನು ಕಂಡ ಕೂಡಲೇ ಕನ್ನಡಕ ಸರಿಮಾಡಿಕೊಂಡು, "ಸಿಕ್ಕಾವೇನು ತಮ್ಮಾ?" ಎಂದು ಕೇಳುತ್ತಿದ್ದರು. "ಇನ್ನೂ ಇಲ್ರಿ ಚಾಚಾ" ಎನ್ನುತ್ತಿದ್ದೆ.